ಪೋಲಿಷ್‌ನ ‘ಯಾರೋ, ಏನೋ, ಯಾರೂ ಇಲ್ಲ’: ಇಂಗ್ಲಿಷ್ ದಾರಿ ಬಿಟ್ಟು ಕನ್ನಡದ ದಾರಿಯಲ್ಲಿ ಕಲಿಯುವ ಸಮಗ್ರ ಮಾರ್ಗದರ್ಶಿ

ಪೋಲೆಂಡಿಗೆ ಓದಲು ಅಥವಾ ಕೆಲಸಕ್ಕೆ ಬರುವ ನಮ್ಮವರು ಪೋಲಿಷ್ ಕಲಿಯುವುದು ಹೆಚ್ಚಾಗಿ ಇಂಗ್ಲಿಷ್ ಮೂಲಕ. ಪುಸ್ತಕ ಇಂಗ್ಲಿಷಿನದು, ಆ್ಯಪ್ ಇಂಗ್ಲಿಷಿನದು, ಕ್ಲಾಸಿನಲ್ಲಿ ವಿವರಣೆಯೂ ಇಂಗ್ಲಿಷಿನಲ್ಲೇ. ಬೇರೆ ಪಾಠಗಳಿಗೆ ಅದು ನಡೆಯುತ್ತದೆ. ಆದರೆ ಸಮ್‌ಬಡಿ, ಎನಿಬಡಿ, ನೋಬಡಿ, ಎವ್ರಿಬಡಿ ಎಂಬ ಪದಗಳ ಪಾಠ ಬಂದಾಗ ಇಂಗ್ಲಿಷ್ ನಮ್ಮನ್ನು ಸುತ್ತುದಾರಿಗೆ ಎಳೆಯುತ್ತದೆ. ಯಾಕೆಂದರೆ ಈ ಒಂದು ವಿಷಯದಲ್ಲಿ ಪೋಲಿಷ್ ಇರುವುದು ಇಂಗ್ಲಿಷಿನ ಹಾಗಲ್ಲ, ಬಹುಪಾಲು ಕನ್ನಡದ ಹಾಗೆ.

ನನಗೆ ಇದು ಹೊಳೆದದ್ದು ತಡವಾಗಿ. ಬಾಡಿಗೆ ಮನೆಯ ಒಡತಿ ಯಾರಾದರೂ ಫೋನ್ ಮಾಡಿದ್ದರಾ ಎಂದು ಕೇಳಿದರು. ‘ನಿಕ್ತ್ ದ್ಜ಼್ವೋನಿವ್’ ಎಂದೆ. ತಲೆಯಲ್ಲಿ ಓಡುತ್ತಿದ್ದದ್ದು ‘ನೋಬಡಿ ಕಾಲ್ಡ್’ ಎಂಬ ವಾಕ್ಯ, ಅದನ್ನೇ ಒಂದೊಂದು ಪದ ತಂದು ಇಟ್ಟಿದ್ದೆ. ಅವರಿಗೆ ಅರ್ಥವಾಗದೆ ಮತ್ತೆ ಕೇಳಿದರು. ಕನ್ನಡದಲ್ಲಿ ‘ಯಾರೂ ಫೋನ್ ಮಾಡಿದರು’ ಎಂದರೆ ನಿಮಗೆ ಹೇಗೆ ಕೇಳಿಸುತ್ತದೆ? ಅವರಿಗೂ ಹಾಗೇ ಕೇಳಿಸಿತ್ತು. ಕ್ರಿಯಾಪದದಲ್ಲಿ ಒಂದು ‘ಇಲ್ಲ’ ಬೇಕಿತ್ತು, ನಾನು ಹಾಕಿರಲಿಲ್ಲ.

ಮೊದಲು ಓದುವ ಕ್ರಮ ಹೇಳಿಬಿಡುತ್ತೇನೆ. ಪೋಲಿಷ್ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಬರೆದಿದ್ದೇನೆ. ಪೋಲಿಷ್‌ನಲ್ಲಿ ಹ್ರಸ್ವ ದೀರ್ಘ ಎಂಬ ಭೇದ ಇಲ್ಲ, ಆದರೆ ಸಾಮಾನ್ಯವಾಗಿ ಪದದ ಕೊನೆಯಿಂದ ಎರಡನೇ ಸ್ವರದ ಮೇಲೆ ಒತ್ತು ಬೀಳುತ್ತದೆ. ನಾನು ದೀರ್ಘ ಬರೆದಿರುವ ಕಡೆ ಆ ಒತ್ತು ಕೊಡಿ. ‘ಶ’ವನ್ನು ಶಿವ ಎನ್ನುವಾಗಿನ ಹಾಗೆ ಮೆತ್ತಗೆ ಹೇಳಿ, ‘ಷ’ವನ್ನು ಗಟ್ಟಿಯಾಗಿ. ಎರಡೂ ಬೇರೆ ಬೇರೆ ಅಕ್ಷರ, ಬೆರೆಸಿದರೆ ಅರ್ಥ ಕೆಡಬಹುದು. ‘ತ್ಸ’ ಒಂದೇ ಉಸಿರಿನಲ್ಲಿ ಬರಬೇಕು. ‘ಝ’ ಬರೆದಿರುವಲ್ಲಿ ನಮ್ಮ ಮಹಾಪ್ರಾಣ ಬೇಡ, ‘ಷ’ವನ್ನೇ ಗಂಟಲು ನಡುಗಿಸಿ ಹೇಳಿದರೆ ಬರುವ ಶಬ್ದ ಅದು.

ಹೆಜ್ಜೆ 1: ಪ್ರಶ್ನೆಪದಗಳನ್ನು ಬಾಯಿಪಾಠ ಮಾಡಿ

ಕ್ತೊ ಎಂದರೆ ಯಾರು. ತ್ಸೊ ಎಂದರೆ ಏನು. ಗ್ಜೆ, ಎಲ್ಲಿ. ಕ್ಯೇದಿ, ಯಾವಾಗ. ಯಾಕ್ ಎಂದರೆ ಹೇಗೆ, ನಮ್ಮ ‘ಯಾಕೆ’ ಅಲ್ಲ, ಇದು ಮೊದಲ ವಾರ ಎಲ್ಲರನ್ನೂ ಕಾಡುತ್ತದೆ. ಯಾಕಿ ಎಂದರೆ ಎಂಥ, ಕ್ತೂರಿ ಎಂದರೆ ಯಾವುದು.

ಇಷ್ಟೇ ಏಳು ಪದ. ಇವು ಗಟ್ಟಿಯಾದ ಮೇಲೆ ಮುಂದೆ ಬರುವುದೆಲ್ಲ ಇವುಗಳ ಹಿಂದೆ ಮುಂದೆ ಒಂದೊಂದು ತುಂಡು ಸೇರಿಸುವ ಕೆಲಸ. ಇಂಗ್ಲಿಷಿನಲ್ಲಿ ‘ಹೂ’ ಎಂಬ ಪ್ರಶ್ನೆಗೂ ‘ಸಮ್‌ಬಡಿ’ ಎಂಬ ಉತ್ತರಕ್ಕೂ ರೂಪದಲ್ಲಿ ಸಂಬಂಧ ಇಲ್ಲ. ಕನ್ನಡದಲ್ಲಿ ಯಾರು, ಯಾರೋ, ಯಾರೂ ಎಲ್ಲ ಒಂದೇ ಬೇರಿನವು. ಪೋಲಿಷ್‌ನಲ್ಲೂ ಹಾಗೇ.

ಹೆಜ್ಜೆ 2: ‘ಓ’ ಇರುವ ಕಡೆ ‘ಶ್’ ಹಾಕಿ

ಯಾರು ಪದಕ್ಕೆ ‘ಓ’ ಸೇರಿದರೆ ಯಾರೋ. ಕ್ತೊ ಪದಕ್ಕೆ ‘ಶ್’ ಸೇರಿದರೆ ಕ್ತೊಶ್. ಹಾಗೇ ತ್ಸೊಶ್ ಏನೋ, ಗ್ಜೆಶ್ ಎಲ್ಲೋ, ಕ್ಯೇದಿಶ್ ಯಾವಾಗಲೋ, ಯಾಕೊಶ್ ಹೇಗೋ, ಯಾಕಿಶ್ ಯಾವುದೋ ಒಂದು. ಯಾಕ್ ಪದದಲ್ಲಿ ಮಾತ್ರ ನಡುವೆ ಒಂದು ‘ಒ’ ಬಂತು, ಉಳಿದವಕ್ಕೆ ನೇರವಾಗಿ ಅಂಟಿತು.

‘ಕ್ತೊಶ್ ಚೇಕ’ ಎಂದರೆ ಯಾರೋ ಕಾಯುತ್ತಿದ್ದಾರೆ. ಇಲ್ಲಿ ಕನ್ನಡ ಒಂದು ತಪ್ಪು ಮಾಡಿಸುತ್ತದೆ, ಹುಷಾರು. ನಾವು ‘ಯಾರೋ ಬಂದಿದ್ದಾರೆ’ ಎಂದು ಬಹುವಚನ ಹಾಕುತ್ತೇವೆ, ಪೋಲಿಷ್‌ನಲ್ಲಿ ಕ್ತೊಶ್ ಯಾವಾಗಲೂ ಏಕವಚನ ಮತ್ತು ಪುಲ್ಲಿಂಗ. ಫೋನ್ ಮಾಡಿದ್ದು ಹೆಂಗಸು ಎಂದು ಧ್ವನಿಯಲ್ಲೇ ಗೊತ್ತಾಗಿದ್ದರೂ ‘ಕ್ತೊಶ್ ದ್ಜ಼್ವೋನಿವ್’ ಎಂದೇ ಹೇಳಬೇಕು. ತ್ಸೊಶ್ ನಪುಂಸಕಲಿಂಗ: ‘ತ್ಸೊಶ್ ಶೆ ಸ್ತಾವೊ’, ಏನೋ ಆಗಿದೆ.

ಯಾಕೊಶ್ ಪದವನ್ನು ನಾನು ಬಹಳ ಇಷ್ಟಪಡುತ್ತೇನೆ. ‘ಯಾಕೊಶ್ ತೊ ಬೆಂಜೆ’ ಎಂದು ಪೋಲೆಂಡಿನ ಜನ ಆಗಾಗ ಹೇಳುತ್ತಾರೆ. ನಮ್ಮ ‘ಹೇಗೋ ಆಗುತ್ತೆ ಬಿಡಿ’ ಇದೆಯಲ್ಲ, ಅದೇ ಮಾತು, ಅದೇ ದನಿ. ‘ಯಾಕೋ ಇವತ್ತು ಬೇಜಾರು’ ಎನ್ನುವಾಗಿನ ಯಾಕೋ ಪದಕ್ಕೂ ಪೋಲಿಷ್‌ನಲ್ಲಿ ಯಾಕೊಶ್ ಬರುತ್ತದೆ. ಯಾಕೆ ಎಂಬುದಕ್ಕೆ ದ್ಲಚೇಗೊ ಎಂಬ ಪದ ಇದೆ ನಿಜ, ಅದಕ್ಕೆ ಶ್ ಅಂಟಿಸಲು ಹೋಗಬೇಡಿ, ಹಾಗೆ ಯಾರೂ ಮಾತಾಡುವುದಿಲ್ಲ.

ಕ್ಯೇದಿಶ್ ಪದಕ್ಕೆ ಎರಡು ಮುಖ. ‘ಹಿಂದೆ ಯಾವಾಗಲೋ ಇಲ್ಲಿದ್ದೆ’ ಎನ್ನಲೂ ಅದೇ, ‘ಮುಂದೆ ಯಾವತ್ತಾದರೂ ಹೋಗುತ್ತೇನೆ’ ಎನ್ನಲೂ ಅದೇ. ಕ್ರಿಯಾಪದದ ಕಾಲ ನೋಡಿ ತಿಳಿದುಕೊಳ್ಳಬೇಕು.

ಹೆಜ್ಜೆ 3: ವಿಭಕ್ತಿ ಮೊದಲು, ‘ಶ್’ ಆಮೇಲೆ

ಪೋಲಿಷ್‌ನಲ್ಲಿ 7 ವಿಭಕ್ತಿಗಳಿವೆ. ಇಂಗ್ಲಿಷ್ ಮಾತ್ರ ಬಲ್ಲವರಿಗೆ ಇದು ಬೆಟ್ಟ, ಆದರೆ ವಿಭಕ್ತಿ ಹಚ್ಚುವುದು ನಮಗೆ ಹೊಸದೇನಲ್ಲ. ಕನ್ನಡದಲ್ಲಿ ಯಾರು, ಯಾರಿಗೆ, ಅದರ ಮೇಲೆ ಓ ಸೇರಿ ಯಾರಿಗೋ. ವಿಭಕ್ತಿ ಒಳಗೆ, ಓ ಹೊರಗೆ. ಪೋಲಿಷ್‌ನಲ್ಲಿ ಕ್ತೊ, ಕೋಮು, ಅದರ ಮೇಲೆ ಶ್ ಸೇರಿ ಕೋಮುಶ್. ಅದೇ ಸಾಲು, ಅದೇ ಕ್ರಮ!

ಯಾರನ್ನೋ ಎನ್ನಲು ಕೋಗೊಶ್. ಷಷ್ಠಿ ಬೇಕಾದ ಜಾಗದಲ್ಲೂ ಅದೇ ಕೋಗೊಶ್. ಯಾರ ಜೊತೆಗೋ ಎನ್ನಲು ‘ಸ್ ಕಿಮ್ಶ್’, ಯಾರ ಬಗ್ಗೆಯೋ ಎನ್ನಲು ‘ಒ ಕಿಮ್ಶ್’. ತ್ಸೊಶ್ ಪದಕ್ಕೆ ಇದೇ ಜಾಗಗಳಲ್ಲಿ ಚೇಗೊಶ್, ಚೇಮುಶ್, ಚಿಮ್ಶ್ ಬರುತ್ತವೆ, ದ್ವಿತೀಯೆಯಲ್ಲಿ ಮಾತ್ರ ತ್ಸೊಶ್ ಬದಲಾಗುವುದಿಲ್ಲ. ಹುಡುಕುವುದು ಎಂಬ ಕ್ರಿಯಾಪದ ಪೋಲಿಷ್‌ನಲ್ಲಿ ಷಷ್ಠಿ ಕೇಳುತ್ತದೆ, ಹಾಗಾಗಿ ಏನನ್ನೋ ಹುಡುಕುತ್ತಿದ್ದೇನೆ ಎನ್ನಲು ‘ಷೂಕಮ್ ಚೇಗೊಶ್’.

ಈಗ ಒಂದು ನಾಜೂಕಿನ ವಿಷಯ. ಕನ್ನಡದಲ್ಲಿ ‘ಗೆ’ ಬಂದ ಕಡೆಯೆಲ್ಲ ಕೋಮುಶ್ ಹಾಕಬಹುದಾ? ಇಲ್ಲ. ಮೂರು ಗುಂಪು ಮಾಡಿಕೊಳ್ಳಿ. ಚಳಿ, ಸೆಕೆ, ಇಷ್ಟ ಈ ಗುಂಪಿಗೆ ಪೋಲಿಷ್ ಕೂಡ ‘ಗೆ’ಯನ್ನೇ ಬಳಸುತ್ತದೆ. ಯಾರಿಗೋ ಚಳಿಯಾಗುತ್ತಿದೆ ಎನ್ನಲು ‘ಕೋಮುಶ್ ಯೆಸ್ತ್ ಜ಼ೀಮ್ನೊ’. ಇಂಗ್ಲಿಷಿನಲ್ಲಿ ಯೋಚಿಸುವವರು ಇಲ್ಲಿ ಪ್ರಥಮಾ ವಿಭಕ್ತಿ ಹಾಕಿ ಎಡವುತ್ತಾರೆ, ನಾವು ಎಡವಬೇಕಿಲ್ಲ. ಎರಡನೇ ಗುಂಪು ಗೊತ್ತಿರುವುದು, ಟೈಮ್ ಇರುವುದು. ಇಲ್ಲಿ ಪೋಲಿಷ್ ಪ್ರಥಮೆ ಕೇಳುತ್ತದೆ. ಯಾರಿಗೋ ಗೊತ್ತು ಎನ್ನಲು ‘ಕ್ತೊಶ್ ವ್ಯೆ’, ಯಾರಿಗೂ ಟೈಮಿಲ್ಲ ಎನ್ನಲು ‘ನಿಕ್ತ್ ನ್ಯೆ ಮ ಚಾಸು’. ಮೂರನೆಯದು ನೋವು, ಇಲ್ಲಿ ದ್ವಿತೀಯೆ. ಯಾರಿಗೋ ತಲೆ ನೋಯುತ್ತಿದೆ ಎನ್ನಲು ‘ಕೋಗೊಶ್ ಬೋಲಿ ಗ್ವೋವ’, ತಲೆ ಯಾರನ್ನೋ ನೋಯಿಸುತ್ತಿದೆ ಎಂಬಂತೆ. ಈ ಮೂರು ಗುಂಪನ್ನು ಒಂದು ಹಾಳೆಯಲ್ಲಿ ಬರೆದು ಅಡುಗೆಮನೆಯ ಗೋಡೆಗೆ ಅಂಟಿಸಿ, ಹೊಸ ಕ್ರಿಯಾಪದ ಸಿಕ್ಕಾಗಲೆಲ್ಲ ಯಾವ ಗುಂಪು ಎಂದು ಸೇರಿಸುತ್ತಾ ಹೋಗಿ.

ಹೆಜ್ಜೆ 4: ‘ಯಾರೂ ಇಲ್ಲ’ ಎನ್ನುವುದು

ಈ ಹೆಜ್ಜೆಗೆ ಜಾಸ್ತಿ ಸಮಯ ಕೊಡಿ. ಇಡೀ ಪಾಠದ ಜೀವ ಇಲ್ಲಿದೆ.

ಶಾಲೆಯಲ್ಲಿ ಇಂಗ್ಲಿಷ್ ಕಲಿಯುವಾಗ ಮೇಷ್ಟ್ರು ಒಂದು ನಿಯಮವನ್ನು ಗಟ್ಟಿ ಮಾಡಿಸಿರುತ್ತಾರೆ: ಒಂದು ವಾಕ್ಯದಲ್ಲಿ ಎರಡು ನಿಷೇಧ ಬೇಡ. ‘ಐ ಡೋಂಟ್ ನೋ ನಥಿಂಗ್’ ಎಂದರೆ ಕೆಂಪು ಗೆರೆ. ಆ ನಿಯಮ ಇಂಗ್ಲಿಷಿಗೆ ಸರಿ. ಪೋಲಿಷ್‌ಗೆ ಬಂದಾಗ ಅದನ್ನು ಪೂರ್ತಿ ಪಕ್ಕಕ್ಕಿಡಿ. ಇಲ್ಲಿ ಎರಡು ನಿಷೇಧ ಹಾಕದಿದ್ದರೇ ತಪ್ಪು.

ಕನ್ನಡದಲ್ಲಿ ಯಾರು ಪದಕ್ಕೆ ಊ ಸೇರಿಸಿ, ಕ್ರಿಯಾಪದದಲ್ಲಿ ಇಲ್ಲ ಹಾಕುತ್ತೇವೆ. ಪೋಲಿಷ್ ಪ್ರಶ್ನೆಪದದ ಮುಂದೆ ‘ನಿ’ ಸೇರಿಸಿ, ಕ್ರಿಯಾಪದದ ಮುಂದೆ ‘ನ್ಯೆ’ ಹಾಕುತ್ತದೆ. ನಿಕ್ತ್ ಯಾರೂ, ನಿತ್ಸ್ ಏನೂ, ನೀಗ್ಜೆ ಎಲ್ಲೂ, ನೀಗ್ದಿ ಎಂದೂ. ‘ನಿಕ್ತ್ ನ್ಯೆ ವ್ಯೆ’, ಯಾರಿಗೂ ಗೊತ್ತಿಲ್ಲ. ‘ನಿತ್ಸ್ ನ್ಯೆ ಮಮ್’, ನನ್ನ ಹತ್ತಿರ ಏನೂ ಇಲ್ಲ. ‘ನೀಗ್ಜೆ ನ್ಯೆ ಈದೆ’, ಎಲ್ಲಿಗೂ ಹೋಗುತ್ತಿಲ್ಲ. ವಾಕ್ಯದಲ್ಲಿ ಉಳಿದ ಪದಗಳನ್ನು ಆಚೀಚೆ ಇಡಬಹುದು, ಆದರೆ ನ್ಯೆ ಮಾತ್ರ ಕ್ರಿಯಾಪದಕ್ಕೆ ಅಂಟಿಕೊಂಡು ಅದರ ಮುಂದೆಯೇ ನಿಲ್ಲಬೇಕು.

ಎರಡಕ್ಕೇ ನಿಲ್ಲಬೇಕು ಎಂದೂ ಇಲ್ಲ. ‘ಯಾರೂ ಯಾವತ್ತೂ ಯಾರಿಗೂ ಏನೂ ಹೇಳುವುದಿಲ್ಲ’ ಎಂದು ಹೇಳಿ ನೋಡಿ. ಒಂದೇ ಉಸಿರಿನಲ್ಲಿ ಬಂತು, ಅಲ್ವಾ? ಪೋಲಿಷ್‌ನಲ್ಲಿ: ‘ನಿಕ್ತ್ ನೀಗ್ದಿ ನಿಕೋಮು ನಿತ್ಸ್ ನ್ಯೆ ಮೂವಿ’. ಪದಕ್ಕೆ ಪದ, ಅದೇ ಸಾಲಿನಲ್ಲಿ ಕೂತಿದೆ. ಇದನ್ನು ಇಂಗ್ಲಿಷಿಗೆ ತರುವಾಗ ಒಂದನ್ನು ನೋಬಡಿ ಎಂದು ಇಟ್ಟುಕೊಂಡು ಉಳಿದವನ್ನೆಲ್ಲ ಎವರ್, ಎನಿಬಡಿ, ಎನಿಥಿಂಗ್ ಎಂದು ಬದಲಿಸಬೇಕು. ಆ ಸುತ್ತು ನಿಮಗೆ ಬೇಕಾಗಿಯೇ ಇಲ್ಲ. ಈ ವಾಕ್ಯವನ್ನು ದಿನಕ್ಕೆ ಹತ್ತು ಸಲ ಜೋರಾಗಿ ಹೇಳಿ, ಒಂದು ವಾರದಲ್ಲಿ ನ್ಯೆ ಬಿಟ್ಟು ಮಾತಾಡುವ ಅಭ್ಯಾಸ ತಾನಾಗಿ ಹೋಗುತ್ತದೆ.

ವಿಭಕ್ತಿ ಇಲ್ಲೂ ಬರುತ್ತದೆ. ಯಾರನ್ನೂ ನಿಕೋಗೊ, ಯಾರಿಗೂ ನಿಕೋಮು, ಯಾರ ಜೊತೆಗೂ ‘ಜ಼್ ನೀಕಿಮ್’. ಏನೂ ಗುಂಪಿನಲ್ಲಿ ನಿತ್ಸ್, ನಿಚೇಗೊ, ನಿಚೇಮು, ನೀಚಿಮ್. ಷಷ್ಠಿ ಕೇಳುವ ಕ್ರಿಯಾಪದ ಇದ್ದರೆ ನಿಚೇಗೊ ಕಡ್ಡಾಯ: ‘ನಿಚೇಗೊ ನ್ಯೆ ಷೂಕಮ್’, ಏನನ್ನೂ ಹುಡುಕುತ್ತಿಲ್ಲ.

‘ಮನೆಯಲ್ಲಿ ಯಾರೂ ಇಲ್ಲ’ ಎನ್ನುವ ವಾಕ್ಯ ಬೇರೆಯಾಗಿ ಕಲಿಯಬೇಕು. ಯಾರೋ ಇದ್ದಾರೆ ಎನ್ನಲು ಕ್ತೊಶ್ ಯೆಸ್ತ್. ಆದರೆ ಯಾರೂ ಇಲ್ಲ ಎನ್ನಲು ನಿಕ್ತ್ ನಡೆಯುವುದಿಲ್ಲ, ಷಷ್ಠಿ ಬೇಕು: ‘ನಿಕೋಗೊ ನ್ಯೆ ಮ ವ್ ದೋಮು’. ಕನ್ನಡದಲ್ಲಿ ಇದೆ ಪದಕ್ಕೂ ಇಲ್ಲ ಪದಕ್ಕೂ ರೂಪದಲ್ಲಿ ಸಂಬಂಧ ಇಲ್ಲವಲ್ಲ, ಪೋಲಿಷ್‌ನಲ್ಲೂ ಯೆಸ್ತ್ ಹೋಗಿ ನ್ಯೆ ಮ ಎಂಬ ಬೇರೆ ರೂಪವೇ ಬರುತ್ತದೆ.

ಕನ್ನಡದ ಇನ್ನೊಂದು ಸೂಕ್ಷ್ಮವೂ ಹಾಗೇ ದಾಟುತ್ತದೆ. ‘ಯಾರೋ ಮಲಗಿಲ್ಲ’ ಎಂದರೆ ಒಬ್ಬರು ಎಚ್ಚರ ಇದ್ದಾರೆ, ‘ಯಾರೂ ಮಲಗಿಲ್ಲ’ ಎಂದರೆ ಮನೆಯೇ ಎಚ್ಚರ. ‘ಕ್ತೊಶ್ ನ್ಯೆ ಶ್ಪಿ’, ‘ನಿಕ್ತ್ ನ್ಯೆ ಶ್ಪಿ’. ಅದೇ ವ್ಯತ್ಯಾಸ.

ಕನ್ನಡ ಕೈಕೊಡುವ ಜಾಗ ಒಂದಿದೆ. ನಮ್ಮ ‘ಯಾರೂ’ ಪದಕ್ಕೆ ತನ್ನಷ್ಟಕ್ಕೆ ನಿಷೇಧದ ಅರ್ಥ ಇಲ್ಲ, ಇಲ್ಲ ಜೊತೆಗಿದ್ದರೇ ಅರ್ಥ. ನಿಕ್ತ್, ನಿತ್ಸ್ ಒಂಟಿಯಾಗಿಯೂ ನಿಲ್ಲುತ್ತವೆ. ಏನು ಮಾಡ್ತಿದ್ದೀಯ ಎಂದು ಕೇಳಿದರೆ ‘ನಿತ್ಸ್’ ಎಂದಷ್ಟೇ ಹೇಳಿದರೆ ಸಾಕು. ಕ್ರಿಯಾಪದ ಇಲ್ಲದ ಕಡೆ ನ್ಯೆ ಬೇಡ. ಕೆಲವು ನುಡಿಗಟ್ಟುಗಳಲ್ಲೂ ನ್ಯೆ ಬರುವುದಿಲ್ಲ. ‘ದೊ ನಿಚೇಗೊ’ ಎಂದರೆ ಯಾವುದಕ್ಕೂ ಬಾರದ್ದು, ಕೆಟ್ಟ ಫೋನನ್ನು ತೋರಿಸಿ ‘ಯೆಸ್ತ್ ದೊ ನಿಚೇಗೊ’ ಎನ್ನುತ್ತಾರೆ.

ಮತ್ತೊಂದು ಎಚ್ಚರ: ‘ನ್ಯೆ’ಯಿಂದ ಶುರುವಾಗುವ ಪದಗಳೆಲ್ಲ ನಿಷೇಧ ಅಲ್ಲ. ನ್ಯೆಕ್ತೂಝಿ ಎಂದರೆ ಕೆಲವರು. ನ್ಯೆಕ್ಯೇದಿ ಎಂದರೆ ಕೆಲವೊಮ್ಮೆ. ನ್ಯೇರಸ್ ಎಂದರೆ ಎಷ್ಟೋ ಸಲ.

ಹೆಜ್ಜೆ 5: ಪ್ರಶ್ನೆ, ‘ರೆ’ ಮತ್ತು ಕೋರಿಕೆ

ಇಂಗ್ಲಿಷಿನಲ್ಲಿ ಪ್ರಶ್ನೆ ಬಂದರೆ ಸಮ್ ಹೋಗಿ ಎನಿ ಬರುತ್ತದೆ. ಕನ್ನಡದಲ್ಲೂ ಯಾರೋ ಹೋಗಿ ಯಾರಾದರೂ ಬರುತ್ತದೆ. ಪುಸ್ತಕದ ಪಟ್ಟಿಯಲ್ಲಿ ಎನಿಬಡಿ ಎದುರು ಕ್ತೊಕೋಲ್ವ್ಯೆಕ್ ಎಂದು ಬರೆದಿರುತ್ತದೆ, ನೋಡಿದವರು ಪ್ರಶ್ನೆಗಳಲ್ಲೆಲ್ಲ ಅದನ್ನೇ ಹಾಕಲು ಶುರು ಮಾಡುತ್ತಾರೆ. ಬೇಡ. ಸಾಮಾನ್ಯ ಪ್ರಶ್ನೆಯಲ್ಲಿ, ‘ಬಂದರೆ, ಕೇಳಿದರೆ’ ಎನ್ನುವ ವಾಕ್ಯದಲ್ಲಿ, ಕೋರಿಕೆಯಲ್ಲಿ ಪೋಲಿಷ್ ಬಳಸುವುದು ಅದೇ ಹಳೆಯ ಕ್ತೊಶ್, ತ್ಸೊಶ್.

ರೈಲಿನಲ್ಲಿ ಖಾಲಿ ಸೀಟು ಕಂಡರೆ ‘ಚಿ ತು ಕ್ತೊಶ್ ಶೇಜಿ’ ಎಂದು ಕೇಳಿ: ಇಲ್ಲಿ ಯಾರಾದರೂ ಕೂತಿದ್ದಾರಾ? (ಮೊದಲಿನ ‘ಚಿ’ ನಮ್ಮ ‘ಕೂತಿದ್ದಾರಾ’ ಪದದ ಕೊನೆಯ ‘ಆ’ ಇದ್ದ ಹಾಗೆ, ವಾಕ್ಯವನ್ನು ಪ್ರಶ್ನೆ ಮಾಡುತ್ತದೆ.) ‘ಯೇಶ್ಲಿ ಕ್ತೊಶ್ ಜ಼ಪೀತ, ನಿತ್ಸ್ ನ್ಯೆ ವ್ಯೆಮ್’, ಯಾರಾದರೂ ಕೇಳಿದರೆ ನನಗೇನೂ ಗೊತ್ತಿಲ್ಲ. ‘ಪೋವ್ಯೆತ್ಸ್ ತ್ಸೊಶ್’, ಏನಾದರೂ ಹೇಳು. ಒಟ್ಟಿನಲ್ಲಿ ಕನ್ನಡದ ಯಾರೋ, ಯಾರಾದರೂ ಎರಡೂ ಬಹುತೇಕ ಒಂದೇ ಕ್ತೊಶ್ ಒಳಗೆ ಸೇರುತ್ತವೆ. ಪ್ರಶ್ನೆಯೇ ನಿಷೇಧದಲ್ಲಿದ್ದರೆ ಮಾತ್ರ, ‘ಯಾರೂ ಫೋನ್ ಮಾಡಲಿಲ್ವಾ?’ ಎನ್ನುವ ಹಾಗೆ, ‘ನಿಕ್ತ್ ನ್ಯೆ ದ್ಜ಼್ವೋನಿವ್?’ ಬರುತ್ತದೆ.

ಹೆಜ್ಜೆ 6: ಹಾಗಾದರೆ ‘ಕೋಲ್ವ್ಯೆಕ್’ ಎಲ್ಲಿ?

ಅದರ ನಿಜವಾದ ಮನೆ ನಮ್ಮ ‘ಯಾರೇ ಬಂದರೂ, ಏನೇ ಹೇಳಿದರೂ’ ಎಂಬ ರೂಪ. ‘ತ್ಸೊಕೋಲ್ವ್ಯೆಕ್ ಪೋವ್ಯೆಷ್’ ಎಂದರೆ ನೀನು ಏನೇ ಹೇಳಿದರೂ. ‘ಗ್ಜೆಕೋಲ್ವ್ಯೆಕ್ ಯೇಸ್ತೆಶ್’, ನೀನು ಎಲ್ಲೇ ಇದ್ದರೂ. ಕನ್ನಡದಲ್ಲಿ ‘ಏ’ ಮತ್ತು ‘ರೂ’ ಎಂದು ಎರಡು ಕಡೆ ಹಂಚಿದ ಕೆಲಸವನ್ನು ಪೋಲಿಷ್ ಒಂದೇ ಬಾಲದಲ್ಲಿ ಮಾಡುತ್ತದೆ. ಹೋಲಿಕೆಯಲ್ಲೂ ಇದು ಬರುತ್ತದೆ. ಬೇರೆ ಯಾರಿಗಿಂತಲೂ ಚೆನ್ನಾಗಿ ಎನ್ನಲು ‘ಲೇಪ್ಯೆಯ್ ನಿಷ್ ಕ್ತೊಕೋಲ್ವ್ಯೆಕ್ ಇನ್ನಿ’. ನಮ್ಮಲ್ಲಿ ಊ ಇದೆ ಎಂದು ನಿಕ್ತ್ ಹಾಕಬೇಡಿ. ಪ್ರಶ್ನೆಯಲ್ಲಿ ಕ್ತೊಕೋಲ್ವ್ಯೆಕ್ ಹಾಕಿದರೆ ‘ಒಬ್ಬರಾದರೂ ಬಂದರಾ?’ ಎಂಬ ಒತ್ತು ಬರುತ್ತದೆ, ಬೇಕಿದ್ದರೆ ಮಾತ್ರ ಹಾಕಿ.

‘ಯಾರು ಬೇಕಾದರೂ ಬರಬಹುದು’ ಎನ್ನಲು ಸುಮ್ನೆ ಕಾಝ್ದಿ ಹಾಕಿದರೆ ಸಾಕು: ಪ್ರತಿಯೊಬ್ಬರೂ ಬರಬಹುದು ಎಂದು. ಇನ್ನು ‘ಬೀಲೆ’ ಎಂಬ ಪುಟ್ಟ ಪದ. ಬೀಲೆ ತ್ಸೊ ಎಂದರೆ ಕೈಗೆ ಸಿಕ್ಕಿದ್ದು, ದರ್ಜೆ ಇಲ್ಲದ್ದು. ‘ನ್ಯೆ ಯೆಮ್ ಬೀಲೆ ಚೇಗೊ’, ಸಿಕ್ಕಿದ್ದನ್ನೆಲ್ಲ ನಾನು ತಿನ್ನುವುದಿಲ್ಲ. ಬೀಲೆ ಯಾಕ್ ಎಂದರೆ ಕಾಟಾಚಾರಕ್ಕೆ. ಇದರಲ್ಲಿ ಸಣ್ಣ ತಿರಸ್ಕಾರ ಇದೆ, ಆದ್ದರಿಂದ ಯಾರದೋ ಮನೆಗೆ ಊಟಕ್ಕೆ ಹೋದಾಗ ‘ಏನಾದರೂ ಸರಿ’ ಎನ್ನಲು ಬೀಲೆ ತ್ಸೊ ಎನ್ನಬೇಡಿ. ಚಹಾ ಆಗಲಿ ಕಾಫಿ ಆಗಲಿ ಎರಡೂ ಒಂದೇ ಎನ್ನಲು ‘ಫ್ಷೀಸ್ತ್ಕೊ ಯೇದ್ನೊ’ ಎನ್ನುತ್ತಾರೆ. ಪದಶಃ ಅರ್ಥ ‘ಎಲ್ಲಾ ಒಂದೇ’!

ಹೆಜ್ಜೆ 7: ಎಲ್ಲರೂ, ಎಲ್ಲ

ಇದು ಸುಲಭ. ಎಲ್ಲರೂ ಫ್ಷೀಸ್ತ್ಸಿ, ಬಹುವಚನ: ‘ಫ್ಷೀಸ್ತ್ಸಿ ವ್ಯೇದ್ಜ಼ೊಂ’. ಪ್ರತಿಯೊಬ್ಬರೂ ಕಾಝ್ದಿ, ಏಕವಚನ: ‘ಕಾಝ್ದಿ ವ್ಯೆ’. ಎವ್ರಿಬಡಿ ಎಂಬುದು ಏಕವಚನ ಎಂದು ಇಂಗ್ಲಿಷಿನಲ್ಲಿ ಕಲಿತದ್ದನ್ನು ಫ್ಷೀಸ್ತ್ಸಿಗೆ ಅನ್ವಯಿಸಬೇಡಿ. ಗುಂಪಿನಲ್ಲಿ ಹೆಂಗಸರು ಮಾತ್ರ ಇದ್ದರೆ ಫ್ಷೀಸ್ತ್ಕ್ಯೆ. ಎಲ್ಲವೂ ಫ್ಷೀಸ್ತ್ಕೊ, ಎಲ್ಲೆಡೆ ಫ್ಷೆಂಜೆ.

ಹೆಜ್ಜೆ 8: ಗುಣಪದ ಸೇರಿದಾಗ

‘ಏನೋ ಹೊಸದು’ ಎನ್ನಲು ತ್ಸೊಶ್ ನಂತರ ಗುಣಪದ ಷಷ್ಠಿಗೆ ಹೋಗುತ್ತದೆ: ‘ತ್ಸೊಶ್ ನೊವೇಗೊ’. ತಣ್ಣಗಿನ ಏನಾದರೂ, ‘ತ್ಸೊಶ್ ಜ಼ಿಮ್ನೇಗೊ’. ಹೊಸದೇನಿಲ್ಲ, ‘ನಿತ್ಸ್ ನೊವೇಗೊ’. ವ್ಯಕ್ತಿಗಾದರೆ ಹೀಗಿಲ್ಲ, ಗುಣಪದ ಕ್ತೊಶ್ ಜೊತೆ ಹೊಂದಿಕೊಂಡು ಹೋಗುತ್ತದೆ: ‘ಕ್ತೊಶ್ ಇನ್ನಿ’, ಬೇರೆ ಯಾರೋ.

ನಾಮಪದದ ಮುಂದೆ ಬರುವ ‘ಯಾವುದೋ’ ಲಿಂಗಕ್ಕೆ ತಕ್ಕಂತೆ ಬದಲಾಗುತ್ತದೆ. ಯಾಕಿಶ್ ಪಾನ್, ಯಾರೋ ಒಬ್ಬ ಗಂಡಸರು. ಯಾಕಶ್ ಪಾನಿ, ಯಾರೋ ಒಬ್ಬ ಹೆಂಗಸರು. ಯಾಕ್ಯೆಶ್ ಜೇತ್ಸ್ಕೊ, ಯಾವುದೋ ಮಗು. ಗೊತ್ತಿರುವ ಗುಂಪಿನೊಳಗಿಂದ ಒಂದು ಎನ್ನುವಾಗ ಕ್ತೂರಿಶ್: ‘ಕ್ತೂರಿಶ್ ಜ಼್ ನಾಸ್’, ನಮ್ಮಲ್ಲೊಬ್ಬ. ಯಾವುದೇ ಇಲ್ಲ ಎನ್ನಲು ಝಾದೆನ್, ಇದಕ್ಕೂ ಕ್ರಿಯಾಪದದಲ್ಲಿ ನ್ಯೆ ಬೇಕು, ಆದರೆ ‘ಪರವಾಗಿಲ್ಲ, ತೊಂದರೆ ಏನಿಲ್ಲ’ ಎನ್ನುವ ‘ಝಾದೆನ್ ಪ್ರೋಬ್ಲೆಮ್’ ಒಂಟಿಯಾಗಿ ನಡೆಯುತ್ತದೆ.

ಯಾಕ್ಯೆಶ್ ಪದಕ್ಕೆ ಇನ್ನೊಂದು ಕೆಲಸ ಇದೆ. ನಾವು ‘ಒಂದು ಹತ್ತು ನಿಮಿಷ’ ಎನ್ನುವಾಗ ಆ ‘ಒಂದು’ ಅಂದಾಜಿಗೆ ಹಾಕಿದ್ದು. ಪೋಲಿಷ್‌ನಲ್ಲಿ ಆ ಜಾಗದಲ್ಲಿ ‘ಯಾಕ್ಯೆಶ್ ಜೇಶೆಂಚ್ ಮೀನುತ್’.

ಹೆಜ್ಜೆ 9: ಅಭ್ಯಾಸ

ಪೌರತ್ವಕ್ಕಾಗಿ ಬಿ1 ಎಂಬ ಮಧ್ಯಮ ಹಂತದ ಭಾಷಾ ಪರೀಕ್ಷೆಗೆ ತಯಾರಾಗುವವರು ಪಟ್ಟಿಗಳನ್ನು ಉರು ಹೊಡೆಯುತ್ತಾರೆ. ಅದಕ್ಕಿಂತ ಹೀಗೆ ಮಾಡಿ. ದಿನಕ್ಕೆ ಒಂದು ಕ್ರಿಯಾಪದ ತೆಗೆದುಕೊಂಡು ಕನ್ನಡದಲ್ಲಿ ನಾಲ್ಕು ವಾಕ್ಯ ಹೇಳಿ: ಯಾರೋ ಕಾಯ್ತಿದ್ದಾರೆ, ಯಾರಾದರೂ ಕಾಯ್ತಿದ್ದಾರಾ, ಯಾರೂ ಕಾಯ್ತಿಲ್ಲ, ಎಲ್ಲರೂ ಕಾಯ್ತಿದ್ದಾರೆ. ಹಿಂದೆಯೇ ಪೋಲಿಷ್‌ನಲ್ಲಿ: ಕ್ತೊಶ್ ಚೇಕ, ಚಿ ಕ್ತೊಶ್ ಚೇಕ, ನಿಕ್ತ್ ನ್ಯೆ ಚೇಕ, ಫ್ಷೀಸ್ತ್ಸಿ ಚೆಕಾಯೊಂ. ಮಧ್ಯೆ ಇಂಗ್ಲಿಷ್ ಬರಲು ಬಿಡಬೇಡಿ, ಬಂದರೆ ನಿಲ್ಲಿಸಿ ಕನ್ನಡ ವಾಕ್ಯದಿಂದ ಮತ್ತೆ ಶುರು ಮಾಡಿ. ಎರಡನೇ ವಾರ ಇದೇ ನಾಲ್ಕನ್ನು ‘ಯಾರಿಗೋ’ ಇಟ್ಟುಕೊಂಡು ಮಾಡಿ.

ಹೊರಗೆ ಬಳಸಲು ಅಂಗಡಿಯೇ ಒಳ್ಳೆಯ ಜಾಗ. ಬ್ರೆಡ್ ಅಂಗಡಿಯಲ್ಲಿ ನೀವು ಕೇಳಿದ್ದನ್ನು ಕೊಟ್ಟ ಮೇಲೆ ‘ತ್ಸೊಶ್ ಯೇಷ್ಚೆ?’ ಎಂದು ಕೇಳುತ್ತಾರೆ, ಇನ್ನೇನಾದರೂ ಬೇಕಾ ಎಂದು. ಬೇಕಿಲ್ಲದಿದ್ದರೆ ‘ನ್ಯೆ, ಜೆಂಕೂಯೆ, ತೊ ಫ್ಷೀಸ್ತ್ಕೊ’ ಎನ್ನಿ: ಬೇಡ, ಧನ್ಯವಾದ, ಇಷ್ಟೇ. ಚಿಲ್ಲರೆ ಇಲ್ಲ ಎಂದು ನೀವು ಕ್ಷಮೆ ಕೇಳಿದರೆ ಅವರು ‘ನಿತ್ಸ್ ನ್ಯೆ ಷ್ಕೋಜಿ’ ಎನ್ನಬಹುದು, ಪರವಾಗಿಲ್ಲ ಎಂದು. ಅದರೊಳಗೂ ಒಂದು ನಿತ್ಸ್, ಒಂದು ನ್ಯೆ ಇದೆ, ಕಿವಿಗೊಟ್ಟು ಕೇಳಿ.